ಫ್ಲಟರ್‌ನಲ್ಲಿ ಕ್ರಿಪ್ಟೋ ವ್ಯಾಲೆಟ್: ಕೀ ಎಲ್ಲಿಡ್ತೀರಿ ಅನ್ನೋದೇ ಪ್ರಶ್ನೆ

ಪ್ರಶ್ನೆ: ಸರ್, ನಾನು ಮಂಡ್ಯದಲ್ಲಿ ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷ ಓದುತ್ತಿದ್ದೇನೆ. ನಾವು ಮೂರು ಜನ ಸೇರಿ ಪ್ರಾಜೆಕ್ಟ್‌ಗೆ ಮೊಬೈಲ್ ಕ್ರಿಪ್ಟೋ ವ್ಯಾಲೆಟ್ ಮಾಡಬೇಕು ಅಂತಿದ್ದೇವೆ. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಒಂದೇ ಕೋಡ್ ಇರಬೇಕು. ನಮ್ಮೂರಿನವರೂ ಬಳಸುವ ಹಾಗೆ ಕನ್ನಡದಲ್ಲಿರಬೇಕು. ಫ್ಲಟರ್ ಒಳ್ಳೆಯದಾ, ರಿಯಾಕ್ಟ್ ನೇಟಿವಾ? ಪ್ರೈವೇಟ್ ಕೀ ಎಲ್ಲಿ ಇಡಬೇಕು? ಪಾಸ್‌ವರ್ಡ್ ಮರೆತವರಿಗೆ ಏನು ದಾರಿ? ಮುಗಿದ ಮೇಲೆ ಪ್ಲೇ ಸ್ಟೋರ್‌ಗೆ ಹಾಕಬಹುದಾ?

ಉತ್ತರ: ಮೊದಲ ಪ್ರಶ್ನೆಗೆ ಚಿಕ್ಕ ಉತ್ತರ ಸಾಕು. ನಿಮ್ಮ ಮೂವರಿಗೆ ಯಾವುದು ಕೈಗೆ ಕುದುರಿದೆಯೋ ಅದೇ ಒಳ್ಳೆಯದು. ಎರಡೂ ಒಂದೇ ಕೋಡ್‌ನಿಂದ ಎರಡು ತರಹದ ಫೋನಿಗೂ ಆ್ಯಪ್ ಮಾಡಿಕೊಡುವ ಸಾಧನಗಳು. ಡಾರ್ಟ್ ಭಾಷೆ ಬರೆದು ಅಭ್ಯಾಸ ಇದ್ದರೆ ಫ್ಲಟರ್, ಜಾವಾಸ್ಕ್ರಿಪ್ಟ್ ಚೆನ್ನಾಗಿ ಗೊತ್ತಿದ್ದರೆ ರಿಯಾಕ್ಟ್ ನೇಟಿವ್. ಮೆಟಾಮಾಸ್ಕ್‌ನ ಮೊಬೈಲ್ ಆ್ಯಪ್ ಮತ್ತು ಬಿಟ್‌ಕಾಯಿನ್‌ಗಾಗಿ ಇರುವ ಬ್ಲೂವ್ಯಾಲೆಟ್ ರಿಯಾಕ್ಟ್ ನೇಟಿವ್‌ನಲ್ಲಿವೆ. ಕೇಕ್ ವ್ಯಾಲೆಟ್ ಫ್ಲಟರ್‌ನಲ್ಲಿದೆ. ಮೂರರ ಕೋಡೂ ಗಿಟ್‌ಹಬ್‌ನಲ್ಲಿ ಸಿಗುತ್ತದೆ. ಅಂದ ಮೇಲೆ ಎರಡರಲ್ಲೂ ಆಗುತ್ತದೆ, ಈ ಚರ್ಚೆಯಲ್ಲಿ ವಾರಗಟ್ಟಲೆ ಕಳೆಯಬೇಡಿ. ನೀವು ಫ್ಲಟರ್ ಹೆಸರು ಮೊದಲು ಬರೆದಿದ್ದೀರಿ. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ, ರಿಯಾಕ್ಟ್ ನೇಟಿವ್‌ನಲ್ಲಿ ವಿಷಯ ಬೇರೆಯಾಗುವ ಕಡೆ ಅದನ್ನೂ ಹೇಳುತ್ತೇನೆ.

ಎರಡನೇ ಪ್ರಶ್ನೆಯೇ ನಿಜವಾದ ಪ್ರಶ್ನೆ. ವ್ಯಾಲೆಟ್ ಅಂತ ಹೆಸರಿದ್ದರೂ ಅದರೊಳಗೆ ನಾಣ್ಯ ಇರುವುದಿಲ್ಲ. ನಿಮ್ಮ ತಾತನ ಗದ್ದೆ ಪಹಣಿ ಕಾಗದದ ಒಳಗೆ ಇದೆಯಾ? ಇಲ್ಲ, ಯಾರ ಹೆಸರಿಗೆ ಎಷ್ಟು ಗುಂಟೆ ಅನ್ನುವುದು ದಾಖಲೆಯಲ್ಲಿದೆ. ಇಲ್ಲೂ ಅಷ್ಟೇ, ದಾಖಲೆ ಬ್ಲಾಕ್‌ಚೈನ್‌ನಲ್ಲಿದೆ, ಅಂದರೆ ಬಹಳ ಕಂಪ್ಯೂಟರ್‌ಗಳು ಹಂಚಿಕೊಂಡಿರುವ ಲೆಕ್ಕದ ಪುಸ್ತಕದಲ್ಲಿದೆ. ಅದನ್ನು ಬದಲಿಸಲು ಸಹಿ ಹಾಕುವ ಅಧಿಕಾರ ಮಾತ್ರ ಫೋನಿನಲ್ಲಿದೆ. ಆ ಅಧಿಕಾರವೇ ಪ್ರೈವೇಟ್ ಕೀ. ಅದು ಬೇರೆಯವರ ಕೈಗೆ ಹೋದರೆ ತಕರಾರು ಅರ್ಜಿ ಕೊಡಲು ತಹಶೀಲ್ದಾರರೂ ಇಲ್ಲ, ಬ್ಯಾಂಕ್ ಮ್ಯಾನೇಜರೂ ಇಲ್ಲ.

ಆದ್ದರಿಂದ ನಿಮ್ಮ ಆ್ಯಪನ್ನು ಎರಡು ಭಾಗ ಮಾಡಿ. ಬ್ಯಾಲೆನ್ಸ್ ತೋರಿಸುವುದು, ಕ್ಯೂಆರ್ ಸ್ಕ್ಯಾನ್, ಹಳೆಯ ವ್ಯವಹಾರಗಳ ಪಟ್ಟಿ, ಕನ್ನಡ ಅನುವಾದ, ಬಣ್ಣ, ಬಟನ್ನು, ಇದೆಲ್ಲ ದೊಡ್ಡ ಭಾಗ. ಇದು ಬೇರೆ ಯಾವುದೇ ಆ್ಯಪ್‌ನ ಹಾಗೇ. ತಪ್ಪಾದರೆ ನಾಳೆ ಅಪ್‌ಡೇಟ್ ಬಿಡಬಹುದು. ಇನ್ನೊಂದು ಸಣ್ಣ ಭಾಗ: ಕೀ ಹುಟ್ಟಿಸುವುದು, ಭದ್ರವಾಗಿ ಇಡುವುದು, ಸಹಿ ಹಾಕುವುದು, ಅಳಿಸುವುದು. ಇಲ್ಲಿ ತಪ್ಪಾದರೆ ಅಪ್‌ಡೇಟ್ ಬಿಟ್ಟು ಪ್ರಯೋಜನವಿಲ್ಲ, ಅಷ್ಟರಲ್ಲಿ ದುಡ್ಡು ಹೋಗಿರುತ್ತದೆ. ಈ ಸಣ್ಣ ಭಾಗವನ್ನು ಒಂದೇ ಫೋಲ್ಡರ್‌ನಲ್ಲಿ ಇಡಿ. ಹೊರಗಿನ ಕೋಡ್ ಅದನ್ನು ಕೇಳಬಹುದಾದದ್ದು ಇಷ್ಟೇ: ವಿಳಾಸ ಕೊಡು, ಈ ವ್ಯವಹಾರಕ್ಕೆ ಸಹಿ ಹಾಕು. ಕೀಯನ್ನೇ ಹೊರಗೆ ಕೊಡುವ ಫಂಕ್ಷನ್ ಇರಲೇಬಾರದು. ಬ್ಯಾಕಪ್‌ಗಾಗಿ ಪದಗಳನ್ನು (ಕಾಗದದಲ್ಲಿ ಬರೆದಿಡಲು ಆಗುವಂತೆ ಕೀಯ ಮೂಲವನ್ನೇ ಹನ್ನೆರಡು ಇಂಗ್ಲಿಷ್ ಪದ ಮಾಡಿದ್ದು) ತೋರಿಸುವ ಸ್ಕ್ರೀನ್ ಒಂದೇ ಇದಕ್ಕೆ ಹೊರತು. ಮೂವರಲ್ಲಿ ಒಬ್ಬರು ಈ ಫೋಲ್ಡರ್ ಬರೆಯಲಿ, ಉಳಿದ ಇಬ್ಬರು ಸಾಲು ಸಾಲು ಓದಿ ಪ್ರಶ್ನೆ ಕೇಳಲಿ.

ಕೀ ಹುಟ್ಟುವ ಜಾಗದಿಂದ ಶುರು ಮಾಡೋಣ. ಕೀ ಅಂದರೆ ಒಂದು ದೊಡ್ಡ ಸಂಖ್ಯೆ. ಅದನ್ನು ಯಾರೂ ಊಹಿಸಲು ಆಗಬಾರದು, ಅಷ್ಟೇ ಅದರ ಬಲ. ಡಾರ್ಟ್‌ನಲ್ಲಿ ರಾಂಡಮ್ ಅಂತ ಒಂದಿದೆ, ರಾಂಡಮ್.ಸೆಕ್ಯೂರ್ ಅಂತ ಇನ್ನೊಂದಿದೆ. ಮೊದಲನೆಯದು ಲೂಡೋ ಆಟಕ್ಕೆ ಸರಿ, ವ್ಯಾಲೆಟ್‌ಗೆ ಎರಡನೆಯದೇ ಬೇಕು. ಫೋನಿನಲ್ಲಿ ಭದ್ರವಾದ ಮೂಲ ಸಿಗದಿದ್ದರೆ ರಾಂಡಮ್.ಸೆಕ್ಯೂರ್ ಎರರ್ ಎಸೆಯುತ್ತದೆ. ಆ ಎರರನ್ನು ಹಿಡಿದು ಮಾಮೂಲಿ ರಾಂಡಮ್‌ಗೆ ಇಳಿಯುವ ಕೋಡ್ ಬರೆಯಬೇಡಿ, ಆ್ಯಪ್ ನಿಂತರೆ ನಿಲ್ಲಲಿ. ರಿಯಾಕ್ಟ್ ನೇಟಿವ್‌ನಲ್ಲಿ ಇನ್ನೊಂದು ತಾಪತ್ರಯ. ಬ್ರೌಸರ್‌ನಲ್ಲಿ ಇರುವ ಗೆಟ್‌ರಾಂಡಮ್‌ವ್ಯಾಲ್ಯೂಸ್ ಅಲ್ಲಿ ತಾನಾಗಿ ಸಿಗುವುದಿಲ್ಲ, ಬೇರೆ ಪ್ಯಾಕೇಜ್ ಹಾಕಿ ಎಲ್ಲಕ್ಕಿಂತ ಮೊದಲು ಇಂಪೋರ್ಟ್ ಮಾಡಬೇಕು. ಎರರ್ ಬಂತು ಅಂತ ಸುಮ್ನೆ ಮ್ಯಾತ್.ರಾಂಡಮ್ ತುರುಕುವವರು ಇದ್ದಾರೆ. ಎಐ ಕೊಟ್ಟ ಕೋಡನ್ನು ಹಾಗೇ ಅಂಟಿಸುವವರಂತೂ ಈ ಸಾಲನ್ನು ಎರಡು ಸಲ ನೋಡಬೇಕು.

ಇದು ಪುಸ್ತಕದ ಭಯ ಅಲ್ಲ. 2013ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್‌ನ ಸೆಕ್ಯೂರ್‌ರಾಂಡಮ್‌ನಲ್ಲೇ ದೋಷ ಕಂಡು ಬಿಟ್‌ಕಾಯಿನ್ ವ್ಯಾಲೆಟ್‌ಗಳಿಂದ ಹಣ ಹೋಯಿತು. 2022ರ ನವೆಂಬರ್‌ನಲ್ಲಿ ಟ್ರಸ್ಟ್ ವ್ಯಾಲೆಟ್‌ನ ಬ್ರೌಸರ್ ಎಕ್ಸ್‌ಟೆನ್ಶನ್‌ನಲ್ಲಿ ಬರೀ 32 ಬಿಟ್‌ನಿಂದ ಕೀ ಹುಟ್ಟುತ್ತಿತ್ತು. 32 ಬಿಟ್ ಅಂದರೆ ಸುಮಾರು 429 ಕೋಟಿ ಸಾಧ್ಯತೆ. ಕೇಳಲು ಜಾಸ್ತಿ ಅನ್ನಿಸುತ್ತದೆ, ಕಂಪ್ಯೂಟರ್‌ಗೆ ಅದು ಏನೂ ಅಲ್ಲ. ಹೊರಗೆ ನೋಡಿದರೆ ಆ ವ್ಯಾಲೆಟ್‌ನ ಪದಗಳೂ ಬೇರೆ ಎಲ್ಲ ವ್ಯಾಲೆಟ್‌ಗಳ ಪದಗಳ ಹಾಗೇ ಕಾಣುತ್ತಿದ್ದವು. ಟೆಸ್ಟ್ ಮಾಡಿದರೂ ಪಾಸ್ ಆಗುತ್ತಿತ್ತು. ಅದೇ ಇಲ್ಲಿನ ಕಷ್ಟ: ಕೆಟ್ಟ ಕೀ ಕೂಡ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹಾಗಾಗಿ ನೀವು ಬಳಸುವ ಪ್ಯಾಕೇಜ್‌ನ ಒಳಗೆ ಹೋಗಿ, ರಾಂಡಮ್ ಎಲ್ಲಿಂದ ಬರುತ್ತದೆ ಅಂತ ಕಣ್ಣಾರೆ ನೋಡಿ.

ಈಗ ಆ ಹನ್ನೆರಡು ಪದಗಳ ವಿಷಯ. ಬಿಐಪಿ-39 ಅನ್ನುವ ಪದ್ಧತಿಯಲ್ಲಿ 2048 ಪದಗಳ ಒಂದು ಪಟ್ಟಿ ಇದೆ. ಒಂದೊಂದು ಪದ 11 ಬಿಟ್‌ಗೆ ಸಮ. ಹನ್ನೆರಡು ಪದ ಅಂದರೆ 132 ಬಿಟ್. ಅದರಲ್ಲಿ 128 ಬಿಟ್ ರಾಂಡಮ್, ಉಳಿದ 4 ಬಿಟ್ ತಪ್ಪು ಹಿಡಿಯಲು ಇರುವ ಚೆಕ್‌ಸಮ್. ಬರೀ 4 ಬಿಟ್ ಅನ್ನುವುದನ್ನು ನೆನಪಿಡಿ. ಹದಿನಾರರಲ್ಲಿ ಒಂದು ಸಲ ತಪ್ಪು ಪದಗಳೂ ಚೆಕ್‌ಸಮ್ ದಾಟಿ ಹೋಗುತ್ತವೆ. ಆಗ ಎರರ್ ಬರುವುದಿಲ್ಲ, ಬೇರೊಂದು ಖಾಲಿ ವ್ಯಾಲೆಟ್ ತೆರೆಯುತ್ತದೆ. ಬಳಕೆದಾರ ದುಡ್ಡು ಹೋಯಿತು ಅಂತ ಎದೆ ಒಡೆದುಕೊಳ್ಳುತ್ತಾನೆ. ಆದ್ದರಿಂದ ಪದ ಬರೆದುಕೊಳ್ಳುವಾಗಲೇ ವಿಳಾಸದ ಮೊದಲ ಮತ್ತು ಕೊನೆಯ ನಾಲ್ಕು ಅಕ್ಷರಗಳನ್ನೂ ಅದೇ ಕಾಗದದಲ್ಲಿ ಬರೆದುಕೊಳ್ಳಿ ಅಂತ ಹೇಳಿ. ಪದಗಳನ್ನು ಮತ್ತೆ ಹಾಕಿದಾಗ ಅದನ್ನು ತಾಳೆ ನೋಡಬಹುದು.

ಕನ್ನಡದ ಮಾತು ಇಲ್ಲೇ ಬರುತ್ತದೆ. ಆ್ಯಪ್ ಪೂರ್ತಿ ಕನ್ನಡದಲ್ಲಿ ಇರಲಿ, ಅದು ಒಳ್ಳೆಯ ಯೋಚನೆ. ಆದರೆ ಆ ಹನ್ನೆರಡು ಪದ ಮಾತ್ರ ಇಂಗ್ಲಿಷ್‌ನಲ್ಲೇ ಇರಬೇಕು. ಬಿಐಪಿ-39ರಲ್ಲಿ ಜಪಾನಿ, ಕೊರಿಯನ್, ಚೀನೀ, ಸ್ಪ್ಯಾನಿಷ್, ಫ್ರೆಂಚ್ ಪಟ್ಟಿಗಳಿವೆ, ಕನ್ನಡದ್ದು ಇಲ್ಲ. ನೀವೇ 2048 ಕನ್ನಡ ಪದ ಆರಿಸಿ ಪಟ್ಟಿ ಮಾಡಿದರೆ ಆ ಪದಗಳು ನಿಮ್ಮ ಆ್ಯಪ್‌ನಲ್ಲಿ ಬಿಟ್ಟು ಬೇರೆಲ್ಲೂ ನಡೆಯುವುದಿಲ್ಲ. ನೀವು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ಮೇಲೆ ಆ ಆ್ಯಪನ್ನು ಯಾರು ನೋಡಿಕೊಳ್ಳುತ್ತಾರೆ? ಬಳಕೆದಾರ ನಾಳೆ ಬೇರೆ ವ್ಯಾಲೆಟ್‌ಗೆ ಹೋಗುವಂತಿರಬೇಕು.

ಇನ್ನೊಂದು ಸಂಗತಿ ಯೋಚಿಸಿ. ನಿಮ್ಮೂರಿನವರು ಇಂಗ್ಲಿಷ್ ಪದವನ್ನು ಕಾಗದದ ಮೇಲೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡರೆ? ಆ ಪಟ್ಟಿಯಲ್ಲಿ 'ಬಲಗಡೆ' ಅನ್ನುವ ರೈಟ್ ಇದೆ, 'ಬರೆ' ಅನ್ನುವ ರೈಟ್ ಕೂಡ ಇದೆ. ಇಂಗ್ಲಿಷ್ ಸ್ಪೆಲ್ಲಿಂಗ್ ಬೇರೆ ಬೇರೆ, ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಎರಡು ವರ್ಷ ಬಿಟ್ಟು ಕಾಗದ ತೆಗೆದು ನೋಡಿದವರಿಗೆ ಯಾವುದು ಅಂತ ಗೊತ್ತಾಗುವುದಾದರೂ ಹೇಗೆ? ಅದಕ್ಕೆ ಆ ಸ್ಕ್ರೀನ್‌ನಲ್ಲಿ ದೊಡ್ಡದಾಗಿ ಕನ್ನಡದಲ್ಲೇ ಹೇಳಿ: 'ಈ ಪದಗಳನ್ನು ಇಲ್ಲಿ ಕಾಣುವ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದುಕೊಳ್ಳಿ.' ಇಂಗ್ಲಿಷ್ ಪಟ್ಟಿಯಲ್ಲಿ ಯಾವ ಎರಡು ಪದಕ್ಕೂ ಮೊದಲ ನಾಲ್ಕು ಅಕ್ಷರ ಒಂದೇ ಇಲ್ಲ. ಪೂರ್ತಿ ಸ್ಪೆಲ್ಲಿಂಗ್ ಕಷ್ಟ ಅನ್ನುವವರು ಮೊದಲ ನಾಲ್ಕನ್ನು ಸರಿಯಾಗಿ ಬರೆದುಕೊಂಡರೂ ನಡೆಯುತ್ತದೆ. ಸ್ಕ್ರೀನ್‌ನಲ್ಲಿ ಆ ನಾಲ್ಕು ಅಕ್ಷರವನ್ನು ದಪ್ಪ ಮಾಡಿ ತೋರಿಸಿ. ಮನೆಯಲ್ಲಿ ಅಮ್ಮನಿಗೋ ಮಾವನಿಗೋ ಫೋನ್ ಕೊಟ್ಟು, ಪೆನ್ನು ಕಾಗದ ಕೊಟ್ಟು, ಏನೂ ಹೇಳದೆ ನೋಡಿ. ಅವರು ಏನು ಬರೆಯುತ್ತಾರೆ ಅನ್ನುವುದೇ ನಿಮ್ಮ ಡಿಸೈನ್‌ಗೆ ಸಿಗುವ ಮಾರ್ಕ್ಸ್. ಬಹಳ ಜನ ಬರೆಯುವುದೇ ಇಲ್ಲ, ಫೋಟೋ ತೆಗೆದು ಮಗನಿಗೆ ವಾಟ್ಸಾಪ್ ಮಾಡುತ್ತಾರೆ!

ಸ್ಕ್ರೀನ್‌ಶಾಟ್ ತಡೆಯಲು ಆಂಡ್ರಾಯ್ಡ್‌ನಲ್ಲಿ ಫ್ಲ್ಯಾಗ್ ಸೆಕ್ಯೂರ್ ಇದೆ. ಆಂಡ್ರಾಯ್ಡ್‌ನ ಸ್ವಂತ ಭಾಷೆಯಾದ ಕಾಟ್ಲಿನ್ ಕಡೆ ಒಂದು ಸಾಲು ಹಾಕಿದರೆ ಆ ಸ್ಕ್ರೀನ್‌ನ ಸ್ಕ್ರೀನ್‌ಶಾಟ್ ಬರುವುದಿಲ್ಲ. ಐಫೋನ್‌ನಲ್ಲಿ ಅಷ್ಟು ನೇರ ದಾರಿ ಇಲ್ಲ, ಸ್ಕ್ರೀನ್‌ಶಾಟ್ ತೆಗೆದ ಮೇಲೆ ಆ್ಯಪ್‌ಗೆ ತಿಳಿಯುತ್ತದೆ, ಆಗ ಎಚ್ಚರಿಸಬಹುದು. 2025ರ ಶುರುವಿನಲ್ಲಿ ಸ್ಪಾರ್ಕ್‌ಕ್ಯಾಟ್ ಅನ್ನುವ ಮಾಲ್‌ವೇರ್ ಸಿಕ್ಕಿತು. ಅದು ಗ್ಯಾಲರಿಯ ಫೋಟೋಗಳಲ್ಲಿರುವ ಅಕ್ಷರ ಓದಿ ವ್ಯಾಲೆಟ್ ಪದಗಳನ್ನೇ ಹುಡುಕುತ್ತಿತ್ತು. ಪ್ಲೇ ಸ್ಟೋರ್, ಆಪಲ್ ಸ್ಟೋರ್ ಎರಡರಲ್ಲೂ ಇದ್ದ ಆ್ಯಪ್‌ಗಳ ಒಳಗೇ ಅದು ಕೂತಿತ್ತು.

ಪದ ಹಾಕಿ ವ್ಯಾಲೆಟ್ ವಾಪಸ್ ತೆರೆಯುವ ಸ್ಕ್ರೀನ್‌ನಲ್ಲಿ ಕೀಬೋರ್ಡ್ ಬಗ್ಗೆಯೂ ಯೋಚಿಸಿ. ನಮ್ಮಲ್ಲಿ ಕನ್ನಡ ಟೈಪ್ ಮಾಡಲು ಯಾವ್ಯಾವುದೋ ಕೀಬೋರ್ಡ್ ಆ್ಯಪ್ ಹಾಕಿಕೊಂಡವರು ಬಹಳ. ಟೈಪ್ ಮಾಡಿದ ಪದಗಳನ್ನು ಕಲಿತು ಮುಂದೆ ಸೂಚಿಸುವುದೇ ಅದರ ಕೆಲಸ. ಫ್ಲಟರ್‌ನ ಟೆಕ್ಸ್ಟ್‌ಫೀಲ್ಡ್‌ನಲ್ಲಿ ಸಜೆಶನ್, ಆಟೋಕರೆಕ್ಟ್ ಎರಡನ್ನೂ ಆಫ್ ಮಾಡಿ. ಅದಕ್ಕಿಂತ ಒಳ್ಳೆಯದು, ಆ್ಯಪ್ ಒಳಗೇ ಇಪ್ಪತ್ತಾರು ಅಕ್ಷರದ ಪುಟ್ಟ ಕೀಪ್ಯಾಡ್ ಮಾಡಿಕೊಳ್ಳಿ. ನಾಲ್ಕು ಅಕ್ಷರ ಒತ್ತುವಷ್ಟರಲ್ಲಿ ಪದ ಸಿಕ್ಕಿಬಿಡುತ್ತದೆ.

ಹುಟ್ಟಿದ ಕೀಯನ್ನು ಇಡುವುದು ಎಲ್ಲಿ? ಕೀ ಭದ್ರವಾಗಿಡಲು ಐಫೋನ್‌ನಲ್ಲಿ ಸೆಕ್ಯೂರ್ ಎನ್‌ಕ್ಲೇವ್ ಅನ್ನುವ ಚಿಪ್ ಇದೆ, ಆಂಡ್ರಾಯ್ಡ್‌ನಲ್ಲಿ ಕೀಸ್ಟೋರ್ ಇದೆ, ಅದರೊಳಗೆ ಇಟ್ಟರೆ ಮುಗಿಯಿತು ಅಂತ ಎಲ್ಲರೂ ಮೊದಲು ಅಂದುಕೊಳ್ಳುತ್ತಾರೆ. ಹಾಗೆ ಆಗುವುದಿಲ್ಲ. ಬಿಟ್‌ಕಾಯಿನ್, ಇಥೀರಿಯಂ ಅನ್ನುವ ಎರಡೂ ಬ್ಲಾಕ್‌ಚೈನ್‌ಗಳು ಸಹಿಗೆ ಬಳಸುವುದು ಸೆಕ್‌ಪಿ256ಕೆ1 ಅನ್ನುವ ಕರ್ವ್ (ಸಹಿಯ ಹಿಂದಿನ ಗಣಿತದ ರೇಖೆ). ಇಂಥ ಕರ್ವ್‌ಗಳಲ್ಲಿ ಸೆಕ್ಯೂರ್ ಎನ್‌ಕ್ಲೇವ್ ಸಹಿ ಹಾಕುವುದು ಪಿ-256ಕ್ಕೆ ಮಾತ್ರ. ಹೆಸರು ಹತ್ತಿರ ಇದ್ದರೂ ಎರಡೂ ಬೇರೆ. ಆಂಡ್ರಾಯ್ಡ್ ಕೀಸ್ಟೋರ್‌ನಲ್ಲೂ ಸೆಕ್‌ಪಿ256ಕೆ1 ಇಲ್ಲ. ಹಾಗಾಗಿ ಸುತ್ತು ದಾರಿ ಹಿಡಿಯಬೇಕು. ಕೀಸ್ಟೋರ್ ಒಳಗೆ ಎಇಎಸ್ ಕೀ (ಡೇಟಾಗೆ ಬೀಗ ಹಾಕುವ, ತೆಗೆಯುವ ಬೇರೆಯದೇ ಕೀ) ಒಂದನ್ನು ಹುಟ್ಟಿಸಿ. ಅದು ಆ ಚಿಪ್ಪಿನಿಂದ ಹೊರಗೆ ಬರುವುದಿಲ್ಲ. ಅದರಿಂದ ನಿಮ್ಮ ಸೀಡನ್ನು (ಆ ಪದಗಳಿಂದ ಬರುವ, ಕೀ ಹುಟ್ಟುವ ಮೂಲ ಸಂಖ್ಯೆಯನ್ನು) ಎನ್‌ಕ್ರಿಪ್ಟ್ ಮಾಡಿ ಫೋನಿನಲ್ಲಿ ಇಡಿ. ಸಹಿ ಹಾಕುವ ಹೊತ್ತಿನಲ್ಲಿ ಮಾತ್ರ ಬಿಚ್ಚಿ, ಸಹಿ ಹಾಕಿ, ಮೆಮೊರಿ ಒರೆಸಿ. ಫ್ಲಟರ್ ಸೆಕ್ಯೂರ್ ಸ್ಟೋರೇಜ್ ಪ್ಯಾಕೇಜ್ ಹೆಚ್ಚುಕಡಿಮೆ ಇದನ್ನೇ ಮಾಡುತ್ತದೆ. ಐಫೋನ್‌ನಲ್ಲಿ ಅದು ಗುಟ್ಟಿನ ಮಾಹಿತಿ ಇಡುವ ಕೀಚೈನ್ ಬಳಸುತ್ತದೆ. ಅಲ್ಲಿ 'ಈ ಫೋನಿಗೆ ಮಾತ್ರ' ಅನ್ನುವ ಆಯ್ಕೆಯನ್ನು ನೀವೇ ಆರಿಸಿ, ಇಲ್ಲದಿದ್ದರೆ ಬ್ಯಾಕಪ್ ಜೊತೆ ಬೇರೆ ಫೋನಿಗೆ ಹೋಗಬಹುದು.

ಬೆರಳಚ್ಚಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೆಬ್ಬಾಳದ ನಮ್ಮ ಆಫೀಸಿಗೆ ಬರುವ ಇಂಟರ್ನ್‌ಗಳ ಕೋಡ್‌ನಲ್ಲಿ ಮತ್ತೆ ಮತ್ತೆ ಕಾಣುವುದು ಇದು. ಬೆರಳಿಟ್ಟರು, ಪ್ಯಾಕೇಜ್ 'ಸರಿ' ಅಂದಿತು, ಇಫ್ ಹಾಕಿ ಮುಂದೆ ಬಿಟ್ಟರು. ಅಲ್ಲಿ ಬೆರಳಿಗೂ ಕೀಗೂ ಸಂಬಂಧವೇ ಇಲ್ಲ. ರೂಟ್ ಆದ (ಸಿಸ್ಟಂನ ಪೂರ್ತಿ ಅಧಿಕಾರ ತೆರೆದಿರುವ) ಫೋನಿನಲ್ಲಿ, ಓಡುತ್ತಿರುವ ಆ್ಯಪನ್ನೇ ತಿದ್ದುವ ಫ್ರೀಡಾದಂಥ ಟೂಲ್ ಹಚ್ಚಿ ಆ 'ಇಲ್ಲ'ವನ್ನು 'ಸರಿ' ಮಾಡುವುದು ದೊಡ್ಡ ಕೆಲಸವಲ್ಲ. ಸರಿಯಾದ ದಾರಿ ಅಂದರೆ ಎಇಎಸ್ ಕೀ ಹುಟ್ಟಿಸುವಾಗಲೇ 'ಬೆರಳಚ್ಚು ಇಲ್ಲದೆ ಈ ಕೀ ಬಳಸುವಂತಿಲ್ಲ' ಅಂತ ಕೀಸ್ಟೋರ್‌ಗೆ ಹೇಳುವುದು. ಆಗ ಬೆರಳು ಸಿಗದಿದ್ದರೆ ಬಿಚ್ಚುವ ಕೆಲಸವೇ ನಡೆಯುವುದಿಲ್ಲ, ಇಫ್ ಏನೇ ಹೇಳಲಿ. ಇದಕ್ಕೆ ಕಾಟ್ಲಿನ್, ಐಫೋನ್‌ನ ಸ್ವಿಫ್ಟ್ ಎರಡರಲ್ಲೂ ಸ್ವಲ್ಪ ಸ್ವಲ್ಪ ಬರೆಯಬೇಕಾಗಬಹುದು. ಒಂದೇ ಕೋಡ್ ಅನ್ನುವ ಆಸೆ ಇಲ್ಲಿ ಸ್ವಲ್ಪ ಮುರಿಯುತ್ತದೆ, ಮುರಿಯಲಿ. ಹೀಗೆ ಮಾಡಿದಾಗ ಫೋನಿಗೆ ಹೊಸ ಬೆರಳು ಸೇರಿಸಿದರೆ ಆ ಕೀ ರದ್ದಾಗುವಂತೆಯೂ ಮಾಡಬಹುದು. ಅದು ಭದ್ರತೆಗೆ ಒಳ್ಳೆಯದು, ಆದರೆ ಬಳಕೆದಾರನಿಗೆ 'ನಿಮ್ಮ ಹನ್ನೆರಡು ಪದ ಮತ್ತೆ ಹಾಕಿ' ಅಂತ ನೆಮ್ಮದಿಯಾಗಿ ಹೇಳುವ ಸ್ಕ್ರೀನ್ ಬೇಕು. ಸುಮ್ನೆ ಕ್ರ್ಯಾಶ್ ಆದರೆ ದುಡ್ಡೇ ಹೋಯಿತು ಅಂದುಕೊಳ್ಳುತ್ತಾರೆ.

ಇದೇ ತರಹದ ಇನ್ನೊಂದು ಕ್ರ್ಯಾಶ್ ಇದೆ. ಒಬ್ಬರು ಮಂಡ್ಯದ ವಿ.ವಿ. ರಸ್ತೆಯ ಅಂಗಡಿಯಲ್ಲಿ ಹೊಸ ಫೋನ್ ತಗೊಂಡರು ಅಂದುಕೊಳ್ಳಿ. ಅಂಗಡಿ ಹುಡುಗ ಹಳೆಯ ಫೋನಿನ ಗೂಗಲ್ ಬ್ಯಾಕಪ್‌ನಿಂದ ಎಲ್ಲವನ್ನೂ ತಂದುಕೊಟ್ಟ. ನಿಮ್ಮ ಆ್ಯಪ್‌ನ ಎನ್‌ಕ್ರಿಪ್ಟ್ ಆದ ಡೇಟಾ ಬಂತು, ಅದನ್ನು ಬಿಚ್ಚುವ ಎಇಎಸ್ ಕೀ ಹಳೆಯ ಫೋನಿನ ಚಿಪ್ಪಿನಲ್ಲೇ ಉಳಿಯಿತು. ಆ್ಯಪ್ ತೆರೆದ ಕೂಡಲೇ ಬಿದ್ದುಹೋಗುತ್ತದೆ. ಇದಕ್ಕೆ ಆಂಡ್ರಾಯ್ಡ್ ಆ್ಯಪ್‌ನ ಸೆಟ್ಟಿಂಗ್ ಫೈಲ್ ಆದ ಮ್ಯಾನಿಫೆಸ್ಟ್‌ನಲ್ಲಿ ಆಟೋ ಬ್ಯಾಕಪ್ ಆಫ್ ಮಾಡಿ, ಅಥವಾ ಆ ಫೈಲನ್ನು ಬ್ಯಾಕಪ್‌ನಿಂದ ಹೊರಗಿಡಿ. ಐಫೋನ್‌ನಲ್ಲಿ ಇದರ ಉಲ್ಟಾ. ಆ್ಯಪ್ ಡಿಲೀಟ್ ಮಾಡಿದರೂ ಕೀಚೈನ್‌ನಲ್ಲಿ ಇಟ್ಟದ್ದು ಉಳಿದಿರುತ್ತದೆ. ಫೋನ್ ಮಾರುವ ಮುಂಚೆ ಆ್ಯಪ್ ತೆಗೆದರೆ ಸಾಕು ಅಂತ ಜನ ನಂಬಿರುತ್ತಾರೆ, ಆದ್ದರಿಂದ ಆ್ಯಪ್ ಒಳಗೆ 'ವ್ಯಾಲೆಟ್ ಅಳಿಸಿ' ಬಟನ್ ಬೇಕೇ ಬೇಕು.

ಮೆಮೊರಿ ಒರೆಸಿ ಅಂದೆನಲ್ಲ, ಡಾರ್ಟ್‌ನಲ್ಲೂ ಜಾವಾಸ್ಕ್ರಿಪ್ಟ್‌ನಲ್ಲೂ ಸ್ಟ್ರಿಂಗನ್ನು ಒರೆಸಲು ಆಗುವುದಿಲ್ಲ. ಒಮ್ಮೆ ಮಾಡಿದ ಸ್ಟ್ರಿಂಗ್ ಗಾರ್ಬೇಜ್ ಕಲೆಕ್ಟರ್ ಬರುವ ತನಕ ಹಾಗೇ ಕೂತಿರುತ್ತದೆ. ಸೀಡನ್ನು ಸ್ಟ್ರಿಂಗ್ ಮಾಡದೆ ಬೈಟ್‌ಗಳ ಪಟ್ಟಿಯಾಗಿ ಇಟ್ಟು, ಕೆಲಸ ಮುಗಿದ ಮೇಲೆ ಸೊನ್ನೆ ತುಂಬಿಸಿ. ಇನ್ನೂ ಗಟ್ಟಿ ಬೇಕಿದ್ದರೆ ಈ ಭಾಗವನ್ನು ರಸ್ಟ್‌ನಲ್ಲಿ ಬರೆದು ಫ್ಲಟರ್‌ಗೆ ಜೋಡಿಸಬಹುದು, ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಿರುವ ಟ್ರಸ್ಟ್ ವ್ಯಾಲೆಟ್ ಕೋರ್ ಲೈಬ್ರರಿ ಬಳಸಬಹುದು. ಕಾಲೇಜು ಪ್ರಾಜೆಕ್ಟ್‌ಗೆ ಬೈಟ್ ಪಟ್ಟಿ ಸಾಕು. ಲಾಗ್ ಬಗ್ಗೆ ಮಾತ್ರ ರಾಜಿ ಬೇಡ. 2022ರ ಆಗಸ್ಟ್‌ನಲ್ಲಿ ಸಾವಿರಾರು ಸೋಲಾನಾ ವ್ಯಾಲೆಟ್‌ಗಳು ಖಾಲಿಯಾದವು. ಹುಡುಕುತ್ತಾ ಹೋದವರು ತಲುಪಿದ್ದು ಸ್ಲೋಪ್ ಅನ್ನುವ ಮೊಬೈಲ್ ವ್ಯಾಲೆಟ್‌ಗೆ. ಎರರ್ ರಿಪೋರ್ಟ್ ಕಳಿಸುವ ಸೇವೆಯ ಮೂಲಕ ಜನರ ಸೀಡ್ ಪದಗಳೂ ಸರ್ವರ್‌ಗೆ ಹೋಗುತ್ತಿದ್ದವು. ಡಿಬಗ್ ಮಾಡಲು ಹಾಕಿದ ಒಂದು ಪ್ರಿಂಟ್ ಸಾಲು ಇಂಥದ್ದೇ ಬಾಗಿಲು ತೆರೆಯುತ್ತದೆ. ಆ ಸಣ್ಣ ಫೋಲ್ಡರ್‌ನಲ್ಲಿ ಪ್ರಿಂಟ್ ಬಂದರೆ ಬಿಲ್ಡ್ ನಿಲ್ಲುವ ಹಾಗೆ ಲಿಂಟ್ (ಕೋಡ್ ತಪಾಸಣೆ) ನಿಯಮ ಹಾಕಿ.

ಇನ್ನು ಲೆಕ್ಕ. ಇಥೀರಿಯಂನ ನಾಣ್ಯ ಈಥರ್, ಅದರ ಅತಿ ಚಿಕ್ಕ ಚಿಲ್ಲರೆ 'ವೇ'. ಒಂದು ಈಥರ್ ಅಂದರೆ ಒಂದರ ಮುಂದೆ 18 ಸೊನ್ನೆ ಇರುವಷ್ಟು ವೇ. ಜಾವಾಸ್ಕ್ರಿಪ್ಟ್‌ನ ಮಾಮೂಲಿ ನಂಬರ್ ತಪ್ಪಿಲ್ಲದೆ ಹಿಡಿಯುವುದು 9,007,199,254,740,991ರ ತನಕ. ವೇ ಲೆಕ್ಕದಲ್ಲಿ ಅದು ಬರೀ 0.009 ಈಥರ್. ಹಾಗಾಗಿ ರಿಯಾಕ್ಟ್ ನೇಟಿವ್‌ನಲ್ಲಿ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಫ್ಲಟರ್‌ನಲ್ಲಿ ಮೋಸ ಇರುವುದೇ ಇಲ್ಲಿ. ಫೋನಿನಲ್ಲಿ ಡಾರ್ಟ್‌ನ ಇಂಟ್ 64 ಬಿಟ್, ಸುಮಾರು 9.22 ಈಥರ್ ತನಕ ಸರಿಯಾಗಿ ಲೆಕ್ಕ ಹಾಕುತ್ತದೆ. ನೀವು ಟೆಸ್ಟ್ ಮಾಡುವುದು ಅರ್ಧ ಈಥರ್‌ನಲ್ಲಿ, ಎಲ್ಲ ಪಾಸ್. ಹತ್ತು ಈಥರ್ ಇರುವವನು ಬಂದ ದಿನ ಬ್ಯಾಲೆನ್ಸ್ ಮೈನಸ್ ತೋರಿಸುತ್ತದೆ. ಶುರುವಿನಿಂದಲೇ ಬಿಗ್‌ಇಂಟ್ ಬಳಸಿ, ಡಬಲ್ ಎಲ್ಲೂ ಬೇಡ. ಜನ ಟೈಪ್ ಮಾಡಿದ '1.5'ನ್ನು ಅಕ್ಷರವಾಗಿಯೇ ಚುಕ್ಕಿಯಲ್ಲಿ ಕತ್ತರಿಸಿ ಸೊನ್ನೆ ತುಂಬಿಸಿ. ಎಲ್ಲಕ್ಕೂ 18 ಸ್ಥಾನ ಅಂತಲೂ ಅಂದುಕೊಳ್ಳಬೇಡಿ, ಇಥೀರಿಯಂ ಮೇಲಿನ ಯುಎಸ್‌ಡಿಟಿ ಅನ್ನುವ ಟೋಕನ್‌ಗೆ 6, ಬಿಟ್‌ಕಾಯಿನ್‌ಗೆ 8.

ವಿಳಾಸ ತಪ್ಪು ಬಂದರೆ ಮೊದಲು ಹ್ಯಾಶ್ (ಡೇಟಾವನ್ನು ಚಿಕ್ಕ ಗುರುತು ಸಂಖ್ಯೆಯಾಗಿಸುವ ಲೆಕ್ಕ) ನೋಡಿ. ಇಥೀರಿಯಂ ಬಳಸುವುದು ಕೆಚಾಕ್-256, ಆಮೇಲೆ ಬಂದ ಎಸ್‌ಎಚ್‌ಎ-3 ಅಲ್ಲ. ಎರಡರ ನಡುವೆ ಪ್ಯಾಡಿಂಗ್‌ನಲ್ಲಿ ಚೂರು ವ್ಯತ್ಯಾಸ, ಫಲಿತಾಂಶ ಪೂರ್ತಿ ಬೇರೆ. ನಿಮ್ಮ ಕೋಡ್ ಸರಿ ಇದೆಯಾ ಅಂತ ತಿಳಿಯಲು ಎಲ್ಲರಿಗೂ ಗೊತ್ತಿರುವ ಒಂದು ಟೆಸ್ಟ್ ಇದೆ: ಅಬ್ಯಾಂಡನ್ ಅನ್ನುವ ಪದ ಹನ್ನೊಂದು ಸಲ, ಹನ್ನೆರಡನೆಯದು ಅಬೌಟ್. ಸೀಡ್‌ನಿಂದ ಕೀ ತೆಗೆಯುವ 44, 60, 0, 0, 0 ಅನ್ನುವ ಮಾಮೂಲಿ ದಾರಿಯಲ್ಲಿ (ಮೊದಲ ಮೂರು ಹಾರ್ಡನ್ಡ್) ಇದರ ಇಥೀರಿಯಂ ವಿಳಾಸ 9858 ಅಂತ ಶುರುವಾಗಬೇಕು. ಆ ಕೀ ಇಡೀ ಲೋಕಕ್ಕೆ ಗೊತ್ತು, ಅದಕ್ಕೆ ನಿಜವಾದ ಹಣ ಕಳಿಸಬೇಡಿ. ಪದಗಳಿಂದ ಸೀಡ್ ಮಾಡುವಾಗ ಪಿಬಿಕೆಡಿಎಫ್2 ಅನ್ನುವುದು 2048 ಸುತ್ತು ಹೊಡೆಯುತ್ತದೆ. ಬರೀ ಡಾರ್ಟ್‌ನಲ್ಲಿ ಬರೆದರೆ ಅಗ್ಗದ ಫೋನಿನಲ್ಲಿ ಸ್ಕ್ರೀನ್ ಹಿಡಿದುಕೊಳ್ಳುತ್ತದೆ, ಅದನ್ನು ಐಸೊಲೇಟ್‌ಗೆ (ಹಿನ್ನೆಲೆಯಲ್ಲಿ ಬೇರೆಯಾಗಿ ಓಡುವ ಡಾರ್ಟ್ ಭಾಗಕ್ಕೆ) ಕಳಿಸಿ.

ಪ್ಯಾಕೇಜ್‌ಗಳ ಬಗ್ಗೆ ಹೇಳಲು ಕೊಪೇ ಅನ್ನುವ ವ್ಯಾಲೆಟ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅದೂ ನಿಮ್ಮದರ ಹಾಗೇ ಒಂದೇ ಕೋಡ್‌ನಿಂದ ಎಲ್ಲ ಫೋನಿಗೂ ಆಗುತ್ತಿದ್ದ ಜಾವಾಸ್ಕ್ರಿಪ್ಟ್ ಆ್ಯಪ್ ಆಗಿತ್ತು. ಅದು ಬಳಸುತ್ತಿದ್ದ ಪ್ಯಾಕೇಜ್‌ಗಳ ಕೆಳಗೆಲ್ಲೋ ಇವೆಂಟ್-ಸ್ಟ್ರೀಮ್ ಅನ್ನುವುದು ಇತ್ತು. ಅದನ್ನು ಬರೆದವರಿಗೆ ನೋಡಿಕೊಳ್ಳಲು ಪುರುಸೊತ್ತಿಲ್ಲದೆ, ಸಹಾಯ ಮಾಡುತ್ತೇನೆ ಅಂತ ಬಂದ ಅಪರಿಚಿತನಿಗೆ ವಹಿಸಿಕೊಟ್ಟರು. ಅವನು ಅದಕ್ಕೆ ಫ್ಲ್ಯಾಟ್‌ಮ್ಯಾಪ್-ಸ್ಟ್ರೀಮ್ ಅನ್ನುವ ಇನ್ನೊಂದನ್ನು ಸೇರಿಸಿದ. ಅದರೊಳಗಿನ ಕಳ್ಳ ಕೋಡ್ ಬೇರೆ ಎಲ್ಲೂ ಏನೂ ಮಾಡುತ್ತಿರಲಿಲ್ಲ, ಕೊಪೇ ಬಿಲ್ಡ್ ಆಗುವಾಗ ಮಾತ್ರ ಎದ್ದು ಕೀ ಕದಿಯಲು ಸಿದ್ಧವಾಗುತ್ತಿತ್ತು. ಹೊರಗೆ ಬಂದದ್ದು 2018ರ ನವೆಂಬರ್‌ನಲ್ಲಿ. ನೀವು ಬಣ್ಣದ ಗ್ರಾಫ್‌ಗೆ ಅಂತ ಹಾಕುವ ಪ್ಯಾಕೇಜ್ ಕೂಡ ಕೀ ಇರುವ ಆ್ಯಪ್‌ನಲ್ಲೇ ಓಡುತ್ತದೆ ಅಲ್ವಾ? ಆದ್ದರಿಂದ ಕಡಿಮೆ ಪ್ಯಾಕೇಜ್ ಹಾಕಿ, ಆವೃತ್ತಿ ಸಂಖ್ಯೆ ಬಿಗಿ ಮಾಡಿ, ಲಾಕ್ ಫೈಲನ್ನು ಗಿಟ್‌ಗೆ ಸೇರಿಸಿ. ಹೊಸ ಆವೃತ್ತಿ ಬಂದ ದಿನವೇ ಏರಿಸುವ ಚಪಲ ಬೇಡ.

ನೆಟ್‌ವರ್ಕ್ ಭಾಗ ಸುಲಭ. ಇನ್ಫುರಾ, ಆಲ್ಕೆಮಿಯಂಥ ನೋಡ್ ಸೇವೆಯಿಂದ ಬ್ಯಾಲೆನ್ಸ್ ಕೇಳುವುದು, ಸಹಿ ಹಾಕಿದ್ದನ್ನು ಕಳಿಸುವುದು, ಅಷ್ಟೇ. ಅವರ ಎಪಿಐ ಕೀ (ಆ ಸೇವೆ ಬಳಸಲು ಅವರು ಕೊಡುವ ಗುರುತು) ಎಪಿಕೆ, ಅಂದರೆ ಆಂಡ್ರಾಯ್ಡ್ ಆ್ಯಪ್‌ನ ಫೈಲ್ ಒಳಗಿದ್ದರೆ ಯಾರಾದರೂ ಬಿಚ್ಚಿ ನೋಡಬಹುದು, ಮಿತಿ ಹಾಕಿ ಇಡಿ. ಸಹಿಯಲ್ಲಿ ಚೈನ್ ಐಡಿ (ಯಾವ ನೆಟ್‌ವರ್ಕ್ ಅನ್ನುವ ಸಂಖ್ಯೆ) ಇರಲಿ, ಇಲ್ಲದಿದ್ದರೆ ಒಂದು ನೆಟ್‌ವರ್ಕ್‌ನ ಸಹಿಯನ್ನು ಇನ್ನೊಂದರಲ್ಲಿ ಮತ್ತೆ ಓಡಿಸಬಹುದು.

ಪಾಸ್‌ವರ್ಡ್ ಮರೆತವರಿಗೆ ಏನು ದಾರಿ ಅಂತ ಕೇಳಿದ್ದೀರಿ. ಪದಗಳ ಕಾಗದ ಇದ್ದರೆ ದಾರಿ ಇದೆ, ಇಲ್ಲದಿದ್ದರೆ ಇಲ್ಲ. ನಮ್ಮ ಸರ್ವರ್‌ನಲ್ಲಿ ಒಂದು ಪ್ರತಿ ಇಟ್ಟುಕೊಳ್ಳೋಣ ಅನ್ನುವ ಯೋಚನೆ ಬಂದಿದ್ದರೆ ಈಗಲೇ ಕೈಬಿಡಿ. ಒಂದು ಕಡೆ, ಎಲ್ಲರ ಕೀಯೂ ಒಂದೇ ಜಾಗದಲ್ಲಿ ಸಿಗುವ ಸರ್ವರನ್ನು ಕಾಯಲು ನಿಮ್ಮಿಂದ ಆಗುವುದಿಲ್ಲ. ಇನ್ನೊಂದು ಕಡೆ ಕಾನೂನು. 2023ರ ಮಾರ್ಚ್ 7ರ ಅಧಿಸೂಚನೆಯಲ್ಲಿ ಕೇಂದ್ರ ಸರ್ಕಾರ ಇಂಥ ಸೇವೆಗಳನ್ನು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ತಂದಿತು. ಬೇರೆಯವರ ಪರವಾಗಿ ಕ್ರಿಪ್ಟೋವನ್ನೋ ಅದರ ಮೇಲೆ ಹಿಡಿತ ಕೊಡುವ ಸಾಧನವನ್ನೋ ಕಾಪಾಡುವ ವ್ಯವಹಾರವೂ ಅದರೊಳಗಿದೆ. ಅದಕ್ಕೆ ಹಣಕಾಸು ಗುಪ್ತಚರ ಘಟಕವಾದ ಎಫ್‌ಐಯು-ಇಂಡಿಯಾದಲ್ಲಿ ನೋಂದಣಿ, ಗ್ರಾಹಕರ ಗುರುತು ದಾಖಲೆ, ಎಲ್ಲ ಬೇಕಾಗುತ್ತದೆ. ಕೀ ಬಳಕೆದಾರನ ಫೋನಿನಲ್ಲೇ ಇರುವ ಆ್ಯಪ್‌ನ ಸ್ಥಿತಿ ಬೇರೆ. ಆದರೂ ನಿಜವಾಗಿ ವ್ಯಾಪಾರ ಮಾಡುವ ಮುಂಚೆ ವಕೀಲರನ್ನೋ ಸಿಎಯನ್ನೋ ಕೇಳಿ. ಬಳಸುವವರಿಗೆ ಲಾಭದ ಮೇಲೆ 30% ತೆರಿಗೆ 2022ರ ಏಪ್ರಿಲ್‌ನಿಂದ ಇದೆ, ಅದೇ ಜುಲೈಯಿಂದ 1% ಟಿಡಿಎಸ್ ಕೂಡ. 'ದುಡ್ಡು ಡಬಲ್ ಆಗುತ್ತಾ' ಅಂತ ಕೇಳುವ ನೆಂಟರಿಗೆ ಆ್ಯಪ್ ತೋರಿಸುವಾಗ ಇದನ್ನೂ ಹೇಳಿ.

ಪ್ಲೇ ಸ್ಟೋರ್‌ಗೆ ಹಾಕಬಹುದು, ನನ್ನನ್ನು ಕೇಳಿದರೆ ಈಗ ಬೇಡ. ವ್ಯಾಲೆಟ್ ಆ್ಯಪ್ ಹಾಕಲು ಗೂಗಲ್ ಸಂಸ್ಥೆಯ ಹೆಸರಿನ ಖಾತೆ ಕೇಳುತ್ತದೆ, ಹಣಕಾಸು ಸೌಲಭ್ಯಗಳ ಘೋಷಣೆಯನ್ನೂ ತುಂಬಬೇಕು. ಆಪಲ್ ಕೂಡ ವ್ಯಾಲೆಟ್ ಆ್ಯಪ್‌ಗಳನ್ನು ಸಂಸ್ಥೆಯ ಹೆಸರಿನ ಖಾತೆಯಿಂದ ಮಾತ್ರ ತಗೊಳ್ಳುತ್ತದೆ, ವಿದ್ಯಾರ್ಥಿಯ ಸ್ವಂತ ಖಾತೆ ನಡೆಯುವುದಿಲ್ಲ. ಇವೆಲ್ಲ ದಾಟಬಹುದಾದ ಅಡ್ಡಿಗಳೇ. ಆದರೆ ಹೊರಗಿನವರು ಯಾರೂ ಪರಿಶೀಲಿಸದ ಕೋಡ್‌ಗೆ ಊರಿನವರ ದುಡ್ಡು ಹಾಕಿಸುವುದು ಸರಿಯಲ್ಲ. ಆ್ಯಪನ್ನು ಟೆಸ್ಟ್‌ನೆಟ್‌ಗೇ (ಬೆಲೆಯಿಲ್ಲದ ನಾಣ್ಯದ ಅಭ್ಯಾಸದ ನೆಟ್‌ವರ್ಕ್‌ಗೇ) ಕಟ್ಟಿಹಾಕಿ, ನಿಜವಾದ ಹಣ ಓಡಾಡುವ ಮೇನ್‌ನೆಟ್ ಆಯ್ಕೆಯೇ ಇರಬಾರದು. ಎಪಿಕೆ ಕೊಟ್ಟು ಗೆಳೆಯರಿಂದ ಬಳಸಿಸಿ ನೋಡಿ.

ಪ್ರಾಜೆಕ್ಟ್‌ಗೆ ಇಥೀರಿಯಂನ ಸೆಪೋಲಿಯಾ ಅನ್ನುವ ಟೆಸ್ಟ್‌ನೆಟ್ ಒಂದೇ ಸಾಕು. ಹತ್ತು ನಾಣ್ಯ ತೋರಿಸಿದರೆ ಪರೀಕ್ಷಕರು ಮೆಚ್ಚುತ್ತಾರೆ ಅನ್ನುವುದು ಸುಳ್ಳು. ಒಂದು ಫೋನಿನಲ್ಲಿ ವ್ಯಾಲೆಟ್ ಅಳಿಸಿ, ಕಾಗದ ನೋಡಿಕೊಂಡು ಇನ್ನೊಂದು ಫೋನಿನಲ್ಲಿ ತೆರೆದು, ಅಲ್ಲಿಂದ ಹಣ ಕಳಿಸಿ ತೋರಿಸಿ. ಅದೇ ಪದಗಳನ್ನು ಮೆಟಾಮಾಸ್ಕ್‌ನಲ್ಲೂ ಹಾಕಿ ವಿಳಾಸ ಒಂದೇ ಬರುತ್ತದೆ ಅಂತ ತೋರಿಸಿದರೆ ಇನ್ನೂ ಒಳ್ಳೆಯದು. ಸೆಪೋಲಿಯಾ ಈಥರ್ ಪುಕ್ಕಟೆ ಕೊಡುವ ಫಾಸೆಟ್‌ಗಳು ದಿನಕ್ಕೆ ಇಷ್ಟೇ ಅಂತ ಮಿತಿ ಇಟ್ಟಿರುತ್ತವೆ. ವೈವಾ ಹಿಂದಿನ ರಾತ್ರಿ ಕೇಳಿದರೆ ಸಿಗದೇ ಹೋಗಬಹುದು, ಎರಡು ವಾರ ಮುಂಚೆಯೇ ಕೇಳಿ ಕೂಡಿಟ್ಟುಕೊಳ್ಳಿ.